ಮಂಪರು

ಮಂಪರು ಎಂದರೆ ತೂಕಡಿಕೆ, ಅರೆನಿದ್ದೆ. ಅಡಿಕೆ ಸುಲಿಯುವ ರಾತ್ರಿ ಮೆಟ್ಟುಗತ್ತಿಯ ಮೇಲೆ ಕೂತವರಿಗೆ ಮಂಪರು ಹತ್ತಿದರೆ ಬೆರಳಿಗೆ ಅಪಾಯವೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅರ್ಥದಲ್ಲಿ ಮಬ್ಬು, ಮಂಕುಗಳ ನೆರೆಯ ಪದ. ಮಬ್ಬಿನ ಬಳಗದ್ದೇ ಆದ ತಮಿಳಿನ ‘ಮಪ್ಪು’ ಮೋಡಕ್ಕೂ ಅಮಲಿಗೂ ಸಲ್ಲುತ್ತದೆ.

ನಾರ್ಕೋ ಅನಾಲಿಸಿಸ್‌ಗೆ ನಮ್ಮ ಪತ್ರಿಕೆಗಳು ‘ಮಂಪರು ಪರೀಕ್ಷೆ’ ಎಂದವು. ಗ್ರೀಕ್ ಮೂಲದ ‘ನಾರ್ಕೆ’ಗೆ ಜೋಮು ಎಂದರ್ಥ. ಕನ್ನಡವೇ ಹೆಚ್ಚು ನಿಖರ: ಪ್ರಶ್ನೆ ಕೇಳುವ ಮುನ್ನ ಕೊಡುವ ಪೆಂಟೊಥಾಲ್ ಚುಚ್ಚುಮದ್ದು ತರುವುದು ಅರೆನಿದ್ದೆಯನ್ನೇ. ಊರಲ್ಲಿ ಕಳವಾದರೆ ಸಾಕು, “ಮಂಪರು ಪರೀಕ್ಷೆ ಮಾಡ್ಸಿ, ಸತ್ಯ ಹೊರಗೆ ಬತ್ತು” ಎನ್ನುತ್ತಾರೆ. ಆದರೆ ಮಂಪರಿನ ಬಾಯಲ್ಲಿ ನೆನಪೂ ಕನಸೂ ಕಲಸಿಹೋಗುತ್ತವೆ. ಕೇಳುವವರ ಸೂಚನೆಯೇ ಉತ್ತರವಾಗಿಬಿಡಬಹುದು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಈ ಪರೀಕ್ಷೆ ಕೂಡದೆಂದು ತೀರ್ಪಿತ್ತಿತು.