ಶ್ರಾವಣದ ಓದು: ಉಳವಿಯ ಕಥೆಯಲ್ಲಿ ದೊರೆತ ಕೆಲವು ಅಚ್ಚರಿಗಳು

ಶ್ರಾವಣವು ನಮ್ಮ ನಾಡಿನಲ್ಲಿ ಓದಿನ ಮಾಸ. ಮಠಗಳಲ್ಲಿಯೂ ಊರ ಗುಡಿಗಳಲ್ಲಿಯೂ ಪುರಾಣ ಹಚ್ಚಿ ತಿಂಗಳ ಕೊನೆಗೆ ಮಂಗಲ ಮಾಡುವುದು ಉತ್ತರ ಕರ್ನಾಟಕದಲ್ಲಿ ಬಹುಕಾಲದ ವಾಡಿಕೆ. ಒಬ್ಬರು ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರು ಕುಳಿತು ಕೇಳುವುದು. ಮುಂಡಗೋಡ ತಾಲೂಕಿನಲ್ಲಿ, ಧರ್ಮಾ ಜಲಾಶಯದ ನೆರೆಯಲ್ಲಿರುವ ಮಳಗಿಯಂತಹ ಊರಿನ ಭಕ್ತನಿಗೆ ಈ ಶ್ರವಣದಲ್ಲಿ ಒಂದು ವಿಶೇಷ ಮಮತೆಯುಂಟು. ಕಲ್ಯಾಣದಲ್ಲಿ ಆರಂಭವಾಗುವ ಕಥೆಯ ಕೊನೆಯ ಹೆಜ್ಜೆಗಳು ಬಂದು ನಿಲ್ಲುವುದು ಅವನ ಜಿಲ್ಲೆಯ ಕಾಡಿನಲ್ಲಿಯೇ, ಜೋಯಿಡಾ ತಾಲೂಕಿನ ಉಳವಿಯಲ್ಲಿ. ಕಲ್ಯಾಣದ ಕ್ರಾಂತಿಯ ತರುವಾಯ ಚನ್ನಬಸವಣ್ಣನವರು ವಚನರಾಶಿಯೊಡನೆ ಅಲ್ಲಿಗೆ ಬಂದು ಐಕ್ಯರಾದರೆಂಬ ನಂಬಿಕೆ ಮನೆಮನೆಯಲ್ಲಿದೆ.

ಹೀಗೆ ಕಿವಿಯಿಂದ ಬಂದ ಕಥೆಯು ಗ್ರಂಥಗಳಲ್ಲಿ ಎಲ್ಲಿ, ಯಾವ ಕಾಲದಲ್ಲಿ ಮೂಡಿತು? ಈ ಒಂದೇ ಪ್ರಶ್ನೆಯನ್ನು ಹಿಡಿದು ಶ್ರಾವಣದ ಮೂವತ್ತು ದಿನ ಹಳೆಯ ಪುಸ್ತಕಗಳನ್ನು ಕಾಲಾನುಕ್ರಮದಲ್ಲಿ ಓದಿದಾಗ ನಿರೀಕ್ಷಿಸದ ಹಲವು ಸಂಗತಿಗಳು ಎದುರಾಗುತ್ತವೆ.

ಮೊದಲನೆಯದು ಹರಿಹರನ ‘ಬಸವರಾಜದೇವರ ರಗಳೆ’. ಬಸವಣ್ಣನವರ ಚರಿತ್ರೆಯನ್ನು ಹೇಳುವ ಕನ್ನಡ ಕಾವ್ಯಗಳಲ್ಲಿ ಇದೇ ಪ್ರಾಚೀನವಾದುದು. ಆ ಕಾಲಕ್ಕೆ ತೀರ ಸಮೀಪವಾದುದು. ಆದರೆ ಅದರ ೨೫ ಸ್ಥಲಗಳಲ್ಲಿ ೧೩ ಮಾತ್ರ ದೊರೆತಿವೆ. ಕಲ್ಯಾಣದ ಕೊನೆಯ ದಿನಗಳನ್ನು ತಿಳಿಯಬಯಸಿದ ಓದುಗನು ಇಲ್ಲಿ ಮುರಿದ ಸೇತುವೆಯ ಮೇಲೆ ನಿಂತಂತಾಗುತ್ತಾನೆ. ಹರಿಹರನು ಮುಂದೆ ಏನನ್ನು ಹೇಳಿದ್ದನೆಂಬುದು ತಾಳೆಗರಿಗಳೊಡನೆಯೇ ಹೋಯಿತು. ಒಂದು ಗ್ರಂಥದ ಮೌನವನ್ನು ಕವಿಯ ಮೌನವೆಂದು ಎಣಿಸಬಾರದೆಂಬ ಪಾಠವನ್ನು ಈ ಓದು ಮೊದಲಿಗೇ ಕಲಿಸುತ್ತದೆ.

ಎರಡನೆಯ ಅಚ್ಚರಿಯು ಭಾಷೆಗೆ ಸಂಬಂಧಿಸಿದುದು. ಕನ್ನಡ ನಾಡಿನ ಶರಣನ ಕುರಿತಾದ ಬಸವಪುರಾಣವು ಮೊದಲು ಹುಟ್ಟಿದುದು ತೆಲುಗಿನಲ್ಲಿ. ಪಾಲ್ಕುರಿಕೆ ಸೋಮನಾಥನು ರಚಿಸಿದ ಆ ಕೃತಿಯನ್ನು ಭೀಮಕವಿಯು ಕ್ರಿ.ಶ. ೧೩೬೯ರಲ್ಲಿ ಕನ್ನಡದ ಷಟ್ಪದಿಗೆ ತಂದನು. ವಿರೂಪಾಕ್ಷ ಪಂಡಿತನ ‘ಚೆನ್ನಬಸವಪುರಾಣ’ವಾದರೋ ಇನ್ನೂ ಈಚಿನದು, ಅದರ ಕಾಲ ಕ್ರಿ.ಶ. ೧೫೮೪. ಬಿಜ್ಜಳನ ಆಳಿಕೆ ಮುಗಿದುದು ೧೧೬೭ರ ಸುಮಾರಿಗೆ. ಎರಡರ ನಡುವೆ ನಾಲ್ಕು ನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಮತ್ತೊಂದು ಮಾತು: ವಿಜಯನಗರದ ರಾಜಧಾನಿಯನ್ನು ಹಾಳುಮಾಡಿದ ೧೫೬೫ರ ಯುದ್ಧ ನಡೆದು ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಲ್ಯಾಣದ ಪತನವನ್ನು ಆ ಪುರಾಣದಲ್ಲಿ ಓದುವಾಗ, ಕವಿಯ ತಲೆಮಾರು ಇನ್ನೊಂದು ಮಹಾಪಟ್ಟಣದ ಪತನವನ್ನು ಕಂಡಿತ್ತೆಂಬುದನ್ನು ಮರೆಯಲಾಗದು.

ಮೂರನೆಯದನ್ನು ನುಡಿಯುವುದು ಕಲ್ಲು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವು ಕ್ರಿ.ಶ. ೧೨೬೦ರದು. ಬಾಗೆವಾಡಿಯ ಮಾದಿರಾಜನನ್ನೂ ಆತನ ಮಗ ಬಸವರಾಜನನ್ನೂ ಅದು ಹೆಸರಿಸುತ್ತದೆ. ಅಷ್ಟೇ ಅಲ್ಲ, ಬಸವರಾಜನ ಅಣ್ಣನಾದ ದೇವರಾಜನನ್ನೂ ಅವನ ವಂಶದವರನ್ನೂ ಹೇಳುತ್ತದೆ. ಪುರಾಣ ಕೇಳಿದವರಿಗೆ ಅಕ್ಕನಾಗಮ್ಮ ಚಿರಪರಿಚಿತಳು. ಅಣ್ಣನ ಹೆಸರನ್ನು ಕೇಳಿದವರು ವಿರಳ. ಪುರಾಣವು ಬಿಟ್ಟುದನ್ನು ಶಾಸನವು ಉಳಿಸಿಕೊಂಡಿತು. ಶಾಸನಕ್ಕೆ ಬೇಡವಾದ ಭಾವವನ್ನು ಪುರಾಣವು ಕಾಪಾಡಿತು.

ನಾಲ್ಕನೆಯ ಸಂಗತಿ ಅಚ್ಚಿನ ಮನೆಯದು. ನಮ್ಮ ಪುರಾಣಗಳನ್ನು ಮೊದಮೊದಲು ಅಚ್ಚಿಗೆ ತಂದವರಲ್ಲಿ ಜರ್ಮನಿಯಿಂದ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳು ಮುಖ್ಯರು. ಹೆರ್ಮನ್ ಮೋಗ್ಲಿಂಗರು ಮಂಗಳೂರಿನ ಕಲ್ಲಚ್ಚಿನಲ್ಲಿ ೧೮೪೮ರಿಂದ ೧೮೫೩ರವರೆಗೆ ಹೊರತಂದ ಕನ್ನಡ ಕಾವ್ಯಮಾಲೆಯಲ್ಲಿ ಬಸವಪುರಾಣವೂ ಚೆನ್ನಬಸವಪುರಾಣವೂ ಸೇರಿದ್ದವು. ಮುಂದೆ ವುರ್ತ್ ಎಂಬ ಪಾದ್ರಿಗಳು ಇವುಗಳ ಸಾರವನ್ನು ಇಂಗ್ಲಿಷಿಗೆ ಇಳಿಸಿದರು. ಬಂದವರು ಮತಪ್ರಚಾರಕರು, ಕೈಗೆತ್ತಿಕೊಂಡುದು ಶರಣರ ಕಥೆ! ಉದ್ದೇಶವೇನೇ ಇರಲಿ, ಗ್ರಂಥವು ಉಳಿಯಿತು.

ವಚನಗಳಾದರೋ ಸುಮಾರು ಎಪ್ಪತ್ತು ವರ್ಷ ಕಾಯಬೇಕಾಯಿತು. ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು (೧೮೮೦-೧೯೬೪) ಓಲೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿ, ವಿಷಯಕ್ರಮದಲ್ಲಿ ಜೋಡಿಸಿ, ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದುದು ೧೯೨೩ರಲ್ಲಿ. ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದುದು ೧೯೨೬ರಲ್ಲಿ. ಮುಂದೆ ೧೯೯೩ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಸಮಗ್ರ ವಚನ ಸಂಪುಟಗಳನ್ನು ೧೫ ಭಾಗಗಳಲ್ಲಿ ಜನರ ಕೈಗಿತ್ತಿತು. ಇಂದು ಒಬ್ಬ ವಿದ್ಯಾರ್ಥಿಯು ಒಂದು ತಿಂಗಳಲ್ಲಿ ತಿರುವಿಹಾಕುವ ಪುಟಗಳ ಹಿಂದೆ ಅನೇಕರ ಆಯುಷ್ಯ ಸವೆದಿದೆ.

ಇನ್ನೊಂದು ಅಚ್ಚರಿ ಮಳಗಿಯವರಿಗೆ ಮನೆಯಂಗಳದ್ದೆನ್ನಬೇಕು. ನೆರೆಯ ಶಿರಸಿ ತಾಲೂಕಿನ ಸೋದೆಯ ಅರಸರು ಶಿವಭಕ್ತರು. ಅವರಲ್ಲಿ ಸದಾಶಿವರಾಯನು ಸ್ವತಃ ಕವಿಯಾಗಿ ಸ್ವರವಚನಗಳನ್ನು ರಚಿಸಿದನು. ೧೭೬೦ರ ದಶಕದಲ್ಲಿ ಹೈದರನ ದಂಡು ಬಂದಾಗ ಆ ಮನೆತನವು ಗೋವೆಗೆ ಹೋಗಿ ನೆಲಸಬೇಕಾಯಿತು. ರಾಜ್ಯವು ಅಳಿದರೂ ಅರಸನ ಹಾಡು ಉಳಿದು ಬಂದಿತು.

ಹಾಗಾದರೆ ಉಳವಿಯ ಕಥೆ ಸತ್ಯವೋ ಅಲ್ಲವೋ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಹಗುರಾಗಿ ತೆಗೆದುಕೊಳ್ಳಲಾಗದು. ಭಕ್ತನಿಗೆ ಅದು ಜೀವಾಳದ ಪ್ರಶ್ನೆ. ಪುರಾಣವನ್ನು ದಿನಚರಿಯಂತೆ ಓದಿ ಪ್ರತಿಯೊಂದು ಪವಾಡಕ್ಕೂ ತೇದಿ ಹುಡುಕುವುದು ಸಲ್ಲದು. ಈಚೆಗೆ ಬರೆದುದೆಂಬ ಒಂದೇ ಕಾರಣದಿಂದ ಎಲ್ಲವನ್ನೂ ಕಟ್ಟುಕಥೆಯೆಂದು ತಳ್ಳುವುದೂ ಸಲ್ಲದು. ಬರಹಕ್ಕೆ ಮುಂಚೆ ಬಾಯಿಯಿತ್ತು. ಮಾಘಮಾಸದ ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಒಕ್ಕಲು ಮಕ್ಕಳು ಚಕ್ಕಡಿ ಹೂಡಿಕೊಂಡು ಹಲವು ದಿನ ದಾರಿ ಸವೆಸಿ ಉಳವಿಗೆ ಬರುತ್ತಾರೆ. ಯಾವ ಗ್ರಂಥವನ್ನೂ ಕಾಣದ ಎಷ್ಟೋ ತಲೆಮಾರುಗಳು ಈ ದಾರಿಯಲ್ಲಿಯೇ ಕಥೆಯನ್ನು ಹೊತ್ತು ತಂದಿವೆ. ಇದೂ ಒಂದು ಸಾಕ್ಷ್ಯವೇ. ಆದರೆ ಶಾಸನದ ಸಾಕ್ಷ್ಯದಂತಹುದಲ್ಲ. ಯಾವ ಸಾಕ್ಷ್ಯಕ್ಕೆ ಎಷ್ಟು ತೂಕವೆಂದು ಅರಿತು ಅದನ್ನು ಅದರ ಸ್ಥಾನದಲ್ಲಿರಿಸುವುದೇ ವಿವೇಕ.

ಶರಣರು ಅರಿವನ್ನೇ ಗುರುವೆಂದರು. ಅರಿವಿಗೆ ಅಂಜುವ ಭಕ್ತಿಯನ್ನು ಅವರು ಬೋಧಿಸಲಿಲ್ಲ. ಆದುದರಿಂದ ಬರುವ ಶ್ರಾವಣದಲ್ಲಿ ಪುರಾಣದ ಗದ್ದುಗೆಯ ಪಕ್ಕದಲ್ಲಿ ವಚನ ಸಂಪುಟವೊಂದೂ ಶಾಸನಗಳ ಪುಸ್ತಕವೊಂದೂ ಇರಲಿ. ಕೇಳುವ ಊರು ಪ್ರಶ್ನೆ ಕೇಳುವ ಊರೂ ಆಗಲಿ.