ಬಳ್ಳಾರಿ ಸೀಮೆಯ ಕೂಲಿಮಠಗಳೂ ಮನ್ರೋ ಸಾಹೇಬರ ಯೋಜನೆಯೂ

ಬೆಳಗಿನ ಆರು ಗಂಟೆಗೆ ಕೂಲಿಮಠ ಆರಂಭವಾಗುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಒಂದು ಸೊನ್ನೆ. ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಂತೆಲ್ಲ ಏಟು ಏರುವುದು. ಸೊನ್ನೆಗೇ ತೃಪ್ತರಾಗುವ ಶಿಷ್ಯರು ನನ್ನ ತರಗತಿಯಲ್ಲಿಯೂ ಉಂಟು. ಆ ಮಾತು ಹಾಗಿರಲಿ. ಇದನ್ನು ಬರೆದಿಟ್ಟವರು 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಕ್ಯಾಂಬೆಲ್ ಸಾಹೇಬರು.

ಹಿಂದಿನ ವರ್ಷ ಮದರಾಸಿನ ಗವರ್ನರಾದ ಸರ್ ಥಾಮಸ್ ಮನ್ರೋ ಅವರು ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನೂ ಕೇಳಿದ್ದರು. ಬಳ್ಳಾರಿಯಲ್ಲಿ ದೊರೆತವು 533. ಇವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದವರು 6,641 ಮಂದಿ. ಹೆಣ್ಣುಮಕ್ಕಳ ಸಂಖ್ಯೆಯನ್ನು ಹೇಳಲು ನಾಚಿಕೆಯಾಗುತ್ತದೆ: 60.

ಕ್ಯಾಂಬೆಲ್ಲರು ಕೇವಲ ಎಣಿಸಿ ಸುಮ್ಮನಾಗಲಿಲ್ಲ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಆಮೇಲೆ ಕಡತ ಬಳಪಗಳನ್ನು ಹಿಡಿಯುವ ಮಿತವ್ಯಯವನ್ನೂ, ಮುಂದಿನವರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ ಮೆಚ್ಚಿದರು. ಈ ಪದ್ಧತಿಯನ್ನೇ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಮದರಾಸಿನಲ್ಲಿ ಪ್ರಯೋಗಿಸಿ, 1797ರಲ್ಲಿ ಇಂಗ್ಲೆಂಡಿಗೆ ಪರಿಚಯ ಮಾಡಿಕೊಟ್ಟಿದ್ದರು. ದೋಷವನ್ನೂ ಕ್ಯಾಂಬೆಲ್ಲರು ಮರೆಮಾಚಲಿಲ್ಲ. ಪುಸ್ತಕಗಳೆಲ್ಲ ಪದ್ಯರೂಪ, ಅವುಗಳ ಭಾಷೆ ಆಡುವ ಮಾತಿಗೆ ದೂರ. ಹುಡುಗರು ಗಿಣಿಯಂತೆ ಒಪ್ಪಿಸುವರು, ಅರ್ಥ ತಿಳಿಯದು. ನೇಯ್ಗೆಯ ಕಸಬು ಕುಗ್ಗಿ ಜನ ಬಡವಾಗಿ, ಮಕ್ಕಳಿಗೆ ಓದು ಹೇಳಿಸುವ ಶಕ್ತಿಯೇ ಅನೇಕರಿಗೆ ಇಲ್ಲವಾಗಿದ್ದಿತು. ಈ 533ರಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲವೆಂದು ಹೇಳಲು ತಮಗೆ ಲಜ್ಜೆಯೆಂದೇ ಅವರು ಬರೆದರು. ಒಬ್ಬ ಅಧಿಕಾರಿಯ ವರದಿಯಲ್ಲಿ ಇಂಥ ಮಾತು ಅಪರೂಪ.

ಹೀಗೆ ರೋಗವೂ ತಿಳಿದಿದ್ದಿತು, ಕಾರಣವೂ ತಿಳಿದಿದ್ದಿತು. ಚಿಕಿತ್ಸೆ ಯಾವುದು? 1826ರ ಮಾರ್ಚಿಯಲ್ಲಿ ಮನ್ರೋ ಅವರು ತಮ್ಮ ಯೋಜನೆಯನ್ನು ಮುಂದಿಟ್ಟರು: ಜಿಲ್ಲೆಗೆ ಎರಡು ಮುಖ್ಯ ಶಾಲೆಗಳು, ತಹಶೀಲ್ದಾರಿಗೆ ಒಂದರಂತೆ 300 ಶಾಲೆಗಳು, ಮುಖ್ಯ ಶಾಲೆಯ ಉಪಾಧ್ಯಾಯರಿಗೆ ತಿಂಗಳಿಗೆ 15 ರೂಪಾಯಿ, ತಹಶೀಲ್ದಾರಿ ಉಪಾಧ್ಯಾಯರಿಗೆ 9 ರೂಪಾಯಿ. ಊರ ಶಾಲೆಗಳ ಗೊಡವೆಗೆ ಹೋಗಬಾರದೆಂಬುದು ಅವರ ನಿಶ್ಚಯ. ಜನರ ಮನಸ್ಸನ್ನು ಬಲ್ಲವರ ಎಚ್ಚರಿಕೆ ಇದು. 1800ರಿಂದ ಏಳು ವರ್ಷ ಬಳ್ಳಾರಿ ಸೀಮೆಯನ್ನು ಆಳಿದವರಲ್ಲವೇ! ಆದರೆ ಈ ಎಚ್ಚರಿಕೆಯಿಂದಲೇ ತೊಡಕು ಹುಟ್ಟಿತೆಂದು ನನ್ನ ಅಭಿಪ್ರಾಯ. ಮದರಾಸು ಅಧಿಪತ್ಯದಲ್ಲೆಲ್ಲ 12,498 ಶಾಲೆಗಳು ಆಗಲೇ ಇದ್ದುವು. ಉಪಾಧ್ಯಾಯನ ಗಳಿಕೆ ತಿಂಗಳಿಗೆ ಆರೇಳು ರೂಪಾಯಿಯನ್ನು ಮೀರದು, ಅದು ಸಾಲದು ಎಂದು ಮನ್ರೋ ಅವರೇ ಒಪ್ಪಿಕೊಂಡಿದ್ದರು. ಆದರೂ ಹಣವು ಆ ಬಡ ಐಗಳ ಜಗಲಿಯನ್ನು ಬಳಸಿಕೊಂಡು ಕಸಬೆಯ ಹೊಸ ಶಾಲೆಗೆ ಹೋಯಿತು.

1827ರ ಜುಲೈಯಲ್ಲಿ ಮನ್ರೋ ಅವರು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡರು. ಹಿಡಿದು ನಡೆಸುವ ಕೈ ತಪ್ಪಿತು. ಸಂಬಳ ಅಲ್ಪ, ಉಪಾಧ್ಯಾಯರಿಗೆ ತಕ್ಕ ಶಿಕ್ಷಣವಿಲ್ಲ, ಮೇಲ್ವಿಚಾರಣೆ ಸಡಿಲ. ಅಷ್ಟರಲ್ಲಿ ಕಂಪೆನಿಯವರ ಒಲವೂ ಮೇಲ್ತರಗತಿಯ ಇಂಗ್ಲಿಷ್ ವಿದ್ಯೆಯ ಕಡೆಗೆ ತಿರುಗಿತು. ಅದರ ಫಲವನ್ನು ಉಂಡ ನಾನು ಇದನ್ನು ದೂರುವುದು ಸಲ್ಲದು. 1836ರಲ್ಲಿ ತಹಶೀಲ್ದಾರಿ ಶಾಲೆಗಳನ್ನು ಎತ್ತಿಬಿಟ್ಟರು. ಮದರಾಸು ಸರ್ಕಾರದ ಸಹಾಯದ್ರವ್ಯವು ಹಳ್ಳಿಯ ಮಠಗಳ ಬಾಗಿಲಿಗೆ ಬಂದುದು 1860ರ ದಶಕದ ಕೊನೆಯಲ್ಲಿ. ಕ್ಯಾಂಬೆಲ್ಲರು ಎಣಿಸಿದ ಹುಡುಗರು ಆ ವೇಳೆಗೆ ಮೊಮ್ಮಕ್ಕಳನ್ನು ಕಂಡಿದ್ದರು.