ರೇಡಿಯೋದ ಕಿವಿ ಹಿಂಡುವ ಕೈ

ಹಾಡು ಕೇಳುವುದು ಬೇರೆ, ಹಾಡು ಹಾಕುವುದು ಬೇರೆ. ನಮ್ಮ ಮನೆಗಳಲ್ಲಿ ಹೆಂಗಸರು ಬಹಳ ಕಾಲ ಹಾಡು ಕೇಳಿದವರೇ ಹೊರತು ಹಾಕಿದವರಲ್ಲ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ನಡುಮನೆಯ ಹಲಗೆಯ ಮೇಲೆ, ಕಸೂತಿ ಬಟ್ಟೆ ಹೊದ್ದುಕೊಂಡು. ಕಸೂತಿ ಹಾಕಿದವಳು ಅಮ್ಮ, ರೇಡಿಯೋದ ಕಿವಿ ಹಿಂಡುವವರು ಅಪ್ಪ. ವಾರ್ತೆ ಮುಗಿದ ಮೇಲೆ ಅವರು ಆರಿಸುವುದನ್ನು ಮರೆತು ಎದ್ದುಹೋದರೆ ಅಡುಗೆಮನೆಗೆ ಒಂದೆರಡು ಹಾಡು ದಕ್ಕುತ್ತಿತ್ತು. ಒಗ್ಗರಣೆಯ ಸದ್ದಿನಲ್ಲಿ ಪಲ್ಲವಿ ಕೇಳಿದರೆ ಚರಣ ಕೇಳುತ್ತಿರಲಿಲ್ಲ.

ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ನಮ್ಮ ನಾಡಿನಲ್ಲೇ ಎಂದು ನಾವು ಹೆಮ್ಮೆಪಡುತ್ತೇವೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಯಂತ್ರದ ಶಕ್ತಿ 30 ವಾಟ್, ಎಂದರೆ ನಮ್ಮ ಪಡಸಾಲೆಯ ಒಂದು ಬಲ್ಬಿನಷ್ಟು. ಒಬ್ಬ ಮೇಷ್ಟರು ಮನೆಯಲ್ಲಿ ಕುಳಿತು ಊರಿಗೆಲ್ಲ ಹಾಡು ಹಂಚಿದ್ದು ಸಣ್ಣ ಮಾತಲ್ಲ. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಆಕಾಶವಾಣಿ ನಮಗೂ ನೆರೆಯವಳಾದಳು.

ಕಿವಿ ಹಿಂಡುವವರು ಮನೆಯಲ್ಲಿ ಮಾತ್ರ ಇರಲಿಲ್ಲ, ದೆಹಲಿಯಲ್ಲೂ ಇದ್ದರು. 1952ರಲ್ಲಿ ವಾರ್ತಾ ಮಂತ್ರಿಗಳಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಶಾಸ್ತ್ರೀಯ ಸಂಗೀತ ಕೇಳಿ ಜನ ಉದ್ಧಾರವಾಗಲಿ ಎಂಬ ಆಸೆ. ಜನ ಉದ್ಧಾರವಾಗುವ ಬದಲು ರೇಡಿಯೋ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು! ಕೊನೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧ ಭಾರತಿಯನ್ನು ತರಬೇಕಾಯಿತು. ಕೇಳುವವರಿಗೂ ಒಂದು ಇಷ್ಟವಿರುತ್ತದೆ ಎಂದು ದೆಹಲಿ ಕಲಿತದ್ದು ಹೀಗೆ. ಮನೆಗಳು ಕಲಿಯಲು ಇನ್ನಷ್ಟು ಕಾಲ ಹಿಡಿಯಿತು. ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ನಮ್ಮ ಮನೆಯ ಲೈಸೆನ್ಸಿನಲ್ಲಿ ಇದ್ದದ್ದು ಅಪ್ಪನ ಹೆಸರು.

ಟ್ರಾನ್ಸಿಸ್ಟರ್ ಬಂದ ಮೇಲೆ ಹಾಡು ಮನೆ ಬಿಟ್ಟು ಹೊರಟಿತು. ನಮ್ಮದು ರೇಷ್ಮೆಯ ಊರು. ನೂಲು ಬಿಚ್ಚಾಣಿಕೆಯಲ್ಲಿ ಕೂತವರ ಕೈ ಬಿಸಿನೀರಿನ ಗೂಡಿನಲ್ಲಿ, ಕಣ್ಣು ಎಳೆಯ ಮೇಲೆ. ಬಿಡುವಾಗಿರುವುದು ಕಿವಿ ಒಂದೇ. ಹಾಗಾಗಿ ಫಿಲೇಚರುಗಳಲ್ಲಿ ರೇಡಿಯೋ ಹಾಡುತ್ತಲೇ ಇರುತ್ತಿತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ಉರ್ದು ಇರುವ ಊರಿಗೆ ಯಾವ ಭಾಷೆಯ ಹಾಡಾದರೂ ನಡೆಯುತ್ತದೆ ಅನ್ನಿ. ಆದರೆ ಅಲ್ಲಿಯೂ ಸ್ಟೇಷನ್ ಬದಲಿಸಲು ಒದ್ದೆ ಕೈಯವಳು ಏಳುವಂತಿಲ್ಲ. ಒಣ ಕೈಯವರು ಹಾಕಿದ್ದೇ ಹಾಡು. ಹೆಂಗಸರು ತಾವೇ ಆರಿಸಿಕೊಂಡ ಹಾಡು ಬೇಕೆಂದರೆ ತಾವೇ ಹಾಡಿಕೊಳ್ಳಬೇಕಿತ್ತು. ಕೈವಾರ ತಾತಯ್ಯನ ಪದಗಳು ನಮ್ಮ ಕಡೆ ಅಷ್ಟು ಬಾಯಲ್ಲಿ ಉಳಿದಿರುವುದಕ್ಕೆ ಭಕ್ತಿಯ ಜೊತೆಗೆ ಇದೂ ಒಂದು ಕಾರಣವಿರಬೇಕೆಂದು ನನಗೆ ಅನ್ನಿಸುತ್ತದೆ. ಅದಕ್ಕೆ ಲೈಸೆನ್ಸ್ ಬೇಡ, ಸೆಲ್ಲು ಬೇಡ, ಯಾರ ಅಪ್ಪಣೆಯೂ ಬೇಡ.

ಮೊದಲ ಬದಲಾವಣೆ ತಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲೇ ತಂದಿತ್ತು, ಕನ್ನಡದ ಭಾವಗೀತೆ ಅದರೊಳಗೆ ಸೇರಲು 15 ವರ್ಷ ಬೇಕಾಯಿತು. 1978ರಲ್ಲಿ 'ನಿತ್ಯೋತ್ಸವ' ಬಂತು. ಕವಿತೆಗಳು ಕೆ.ಎಸ್. ನಿಸಾರ್ ಅಹಮದ್ ಅವರವು, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ನಿಸಾರರು ಹುಟ್ಟಿದ್ದು ದೇವನಹಳ್ಳಿಯಲ್ಲಿ, ನಮಗೆ ಬೆಂಗಳೂರಿನ ದಾರಿಯ ಊರು. ಕೆಲವು ವರ್ಷಗಳ ಮೇಲೆ ಅಮ್ಮ ಚೀಟಿ ಎತ್ತಿ ಒಂದು ಟೇಪ್ ರೆಕಾರ್ಡರ್ ಕೊಂಡಳು. ನಡುಮನೆಯಲ್ಲಿ ಜಾಗ ನೋಡುತ್ತಿದ್ದವರನ್ನು ಕೇಳದೆ ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಳು. ಬೇಕಾದ ಹಾಡನ್ನು ಬೇಕಾದ ಹೊತ್ತಿಗೆ, ಎರಡನೆಯ ಸಲವೂ ಕೇಳಬಹುದು! ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸುತ್ತಿದ್ದಳು, ರೇಷ್ಮೆ ಎಳೆ ಬಿಡಿಸಿದವಳಿಗೆ ಅದೇನು ದೊಡ್ಡದು?

ಈಗಿನ ಮಾತಿಗೆ ಬರುತ್ತೇನೆ. ಹಾಡನ್ನು ತಂತಿಯ ಮೇಲೆ ಮನೆಗೆ ತರಿಸುವ ಆಸೆ ಹೊಸದೇನಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬಾತ ದೂರದ ರಂಗಮಂದಿರದ ಸಂಗೀತವನ್ನು ಟೆಲಿಫೋನಿನಲ್ಲಿ ಕೇಳಿಸಿದ್ದ. ಜನ ಸಾಲುಗಟ್ಟಿ ನಿಂತು ಕೇಳಿದರು. 2013ರಲ್ಲಿ ಗೂಗಲ್ ಕಂಪನಿ ಟಿವಿಯ ಹಿಂದೆ ಸಿಕ್ಕಿಸುವ ಕ್ರೋಮ್‌ಕಾಸ್ಟ್ ಎಂಬ ಪುಟ್ಟ ಸಾಧನ ತಂದಿತು. ಮರುವರ್ಷ ಅದು ಭಾರತಕ್ಕೂ ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದಾಗ ನಮ್ಮ ಟಿವಿಗೂ ಒಂದನ್ನು ಸಿಕ್ಕಿಸಿ ಹೋದ. ಆ ಸಾಧನದ ತಯಾರಿಕೆ 2024ರಲ್ಲಿ ನಿಂತಿತು, ಆದರೆ ಅದೇ ಅನುಕೂಲ ಈಗ ಎಷ್ಟೋ ಟಿವಿಗಳ ಒಳಗೇ ಇರುತ್ತದೆ.

ಅದು ಕೆಲಸ ಮಾಡುವ ಬಗೆ ಸೊಗಸಾಗಿದೆ. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಹಾಡು ತೆರೆದು ಅಲ್ಲಿಯ ಕಾಸ್ಟ್ ಗುರುತನ್ನು ಒತ್ತಿದರೆ ಹಾಡು ಟಿವಿಯಲ್ಲಿ ಕೇಳುತ್ತದೆ. ನಾವು ಹಾಡನ್ನೇ ಕಳಿಸಿದೆವು ಅಂದುಕೊಳ್ಳುತ್ತೇವೆ, ಹಾಗಲ್ಲ. ನಾವು ಕಳಿಸುವುದು ಹಾಡಿನ ವಿಳಾಸವನ್ನು ಮಾತ್ರ. ದಿನಸಿ ಅಂಗಡಿಗೆ ಚೀಟಿ ಕಳಿಸಿದಂತೆ. ಸಾಮಾನು ಹೊತ್ತು ತರುವ ಕೆಲಸ ಆ ಸಾಧನದ್ದು, ಅದು ನೇರವಾಗಿ ಅಂತರ್ಜಾಲದಿಂದ ತಂದುಕೊಳ್ಳುತ್ತದೆ. ಬ್ರೌಸರ್‌ನ ಇಡೀ ಟ್ಯಾಬನ್ನೇ ಕಳಿಸುವ ಇನ್ನೊಂದು ಬಗೆಯಿದೆ. ಅದರಲ್ಲಿ ಲ್ಯಾಪ್‌ಟಾಪೇ ಮನೆಯ ವೈಫೈ ಮೂಲಕ ಹೊರೆ ಹೊರಬೇಕು, ಅದನ್ನು ಮುಚ್ಚಿದರೆ ಹಾಡೂ ನಿಂತಿತು. ಎರಡಕ್ಕೂ ಕರೆಂಟು ಬೇಕು. ಕರೆಂಟು ಹೋದಾಗ ಹಳೆಯ ಟ್ರಾನ್ಸಿಸ್ಟರ್ ನಗುವುದು ನನಗೆ ಕೇಳಿಸುತ್ತದೆ.

ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಒಂದೇ. ಪೆಟ್ಟಿಗೆಯ ಕಿವಿ ಈಗ ಪೆಟ್ಟಿಗೆಯ ಮೇಲಿಲ್ಲ. ಅಮ್ಮನ ಕಾಲದಲ್ಲಿ ನಡುಮನೆ ಹಾಕುತ್ತಿತ್ತು, ಅಡುಗೆಮನೆ ಕೇಳುತ್ತಿತ್ತು. ಈಗ ನಾನು ಅಡುಗೆಮನೆಯಲ್ಲಿ ನಿಂತು ಹಾಕುತ್ತೇನೆ, ನಡುಮನೆ ಕೇಳುತ್ತದೆ. ಆದರೆ ಹೊಸ ಕಿವಿ ಯಾರ ಕೈಯಲ್ಲಿದೆ? ಫೋನ್ ಇದ್ದವರ, ವೈಫೈ ಗುಟ್ಟು ಗೊತ್ತಿದ್ದವರ ಕೈಯಲ್ಲಿ. ಫೋನಿಲ್ಲದ ನಮ್ಮ ಅತ್ತೆ ಟಿವಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ರೇಡಿಯೋಗೆ ಕೈ ಚಾಚಿದರೆ ಸಿಗುವ ಒಂದು ತಿರುಪಾದರೂ ಇತ್ತು, ಇದಕ್ಕೆ ಅದೂ ಇಲ್ಲ.

"ಏನು ಹಾಕಲಿ ಅತ್ತೆ?" ಎಂದು ದಿನಾ ಕೇಳತೊಡಗಿದೆ. "ಏನೋ ಒಂದು ಹಾಕಮ್ಮ" ಎನ್ನುತ್ತಿದ್ದರು. ಆ ಮಾತನ್ನು ಮೊದಲು ನಾನು ನಯವೆಂದು ತಿಳಿದೆ. ದಿನಗಳು ಹೋದಂತೆ ತಿಳಿಯಿತು, ಅದು ಅಭ್ಯಾಸ. ಯಾವ ಹಾಡು ಬೇಕೆಂದು ಅವರನ್ನು ಆವರೆಗೆ ಯಾರೂ ಕೇಳಿರಲೇ ಇಲ್ಲ. ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದು, ಹೇಳಿದರೆ ಅದೇ ಹುಡುಕುತ್ತದೆ, ಕನ್ನಡದಲ್ಲೇ ಹೇಳಿ ಎಂದೆ. ಹಲವು ವಾರ ನಕ್ಕು ತಲೆ ಅಲ್ಲಾಡಿಸಿದರು. ಒಂದು ಸಂಜೆ, ದೇವರಿಗೆ ಹೇಳುವಷ್ಟು ಮೆಲ್ಲಗೆ, "ಕೈವಾರ ತಾತಯ್ಯನ ಪದ" ಎಂದರು. ಟಿವಿ ಹಾಡಿತು. ಮಧ್ಯದಲ್ಲಿ ಮೊಮ್ಮಗ ಇನ್ನೊಂದು ಕೋಣೆಯಿಂದ ತನ್ನ ಫೋನಿನಲ್ಲೇ ಅದನ್ನು ನಿಲ್ಲಿಸಿ ಕ್ರಿಕೆಟ್ ಹಾಕಿದ. ಒಂದೇ ವೈಫೈನಲ್ಲಿದ್ದರೆ ಹಾಗೆ ಮಾಡಬಹುದು. ಬೇರೆ ಫೋನುಗಳಿಗೆ ಆ ಹಿಡಿತ ಸಿಗದಂತೆ ಮಾಡುವ ಆಯ್ಕೆಯೂ ಸೆಟ್ಟಿಂಗ್‌ನಲ್ಲಿದೆ. ಆ ರಾತ್ರಿಯೇ ಅದನ್ನು ಹುಡುಕಿ ಬದಲಿಸಿದೆ.

ರೇಡಿಯೋ ಬಂದ ವರ್ಷ, ಕ್ಯಾಸೆಟ್ ಬಂದ ವರ್ಷ ಪುಸ್ತಕಗಳಲ್ಲಿ ಸಿಗುತ್ತವೆ. ಒಂದು ಮನೆಯ ಹೆಂಗಸು ತನ್ನ ಹಾಡನ್ನು ತಾನೇ ಹಾಕಿಸಿಕೊಂಡ ವರ್ಷವನ್ನು ಯಾರೂ ಬರೆದಿಡುವುದಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ: ಅಮ್ಮನ ಮಟ್ಟಿಗೆ ಅದು 1983. ಅತ್ತೆಯ ಮಟ್ಟಿಗೆ 2019, ಅವರ 81ನೆಯ ವಯಸ್ಸಿನಲ್ಲಿ.